ಕಾವಿಂಗ್: ಹಿಮನದಿ ಕರು ಹಾಕುವುದೆಂದರೆ

ಹಾನುಬಾಳು ಕಡೆಯ ನಮ್ಮ ದೊಡ್ಡಮ್ಮನಿಗೆ ಅವರ ಮಗಳು ಅಲಾಸ್ಕ ಹಡಗು ಪ್ರವಾಸದ ವಿವರಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದಳು. ಮಗಳಿರುವುದು ಸಿಯಾಟಲ್‌ನಲ್ಲಿ, ಹಡಗು ಹೊರಡುವುದೂ ಅಲ್ಲಿಂದಲೇ. ಏಳು ರಾತ್ರಿ, ನಾಲ್ಕು ಊರು, ಒಂದು ದಿನ ಹಿಮನದಿ. ಹಾಸನಕ್ಕೆ ಬಂದವರೇ ಫೋನನ್ನು ನನ್ನ ಕೈಗೆ ಕೊಟ್ಟು "ಇದೇನು ಬರ್ದವ್ಳೆ ಒಂಚೂರು ಓದಿ ಹೇಳೋ" ಅಂದರು. ಹೇಳುತ್ತಾ ಹೋದೆ. ಒಂದು ಕಡೆ 'ಗ್ಲೇಸಿಯರ್ ಕಾವಿಂಗ್ ನೋಡಬಹುದು' ಎಂದಿತ್ತು. ಕಾವಿಂಗ್ ಅಂದರೆ ಕರು ಹಾಕೋದು ಅಂದೆ.

"ಏನು, ಬೆಟ್ಟ ಕರ ಹಾಕ್ತದಾ?"

"ಬೆಟ್ಟ ಅಲ್ಲ ದೊಡ್ಡಮ್ಮ, ಹಿಮ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಹಂಗಾಯ್ತು ನಿನ್ ಕತೆ."

ನನ್ನ ಕತೆಯೇನಲ್ಲ. ಈ ಪದ ಹುಟ್ಟಿದ್ದೇ ಕೊಟ್ಟಿಗೆಯಲ್ಲಿ. ಇಂಗ್ಲಿಷಿನಲ್ಲಿ ಕಾಫ್ ಅಂದರೆ ಕರು, ಹಸು ಕರು ಹಾಕುವುದಕ್ಕೆ ಕಾವ್ ಎಂಬ ಕ್ರಿಯಾಪದ. ಬರವಣಿಗೆಯಲ್ಲಿ ನಡುವೆ ಒಂದು ಲಕಾರ ಇದೆ, ಬಾಯಲ್ಲಿ ಇಲ್ಲ. ಹಾಗಾಗಿ ಕಾಲ್ವಿಂಗ್ ಅಲ್ಲ, ಕಾವಿಂಗ್. ಹಿಮನದಿಯ ಮುಂತುದಿಯಿಂದ ಒಂದು ಹೋಳು ಕಳಚಿ, ನೀರಿಗೆ ಬಿದ್ದು, ತನ್ನಷ್ಟಕ್ಕೆ ತಾನು ತೇಲತೊಡಗಿದರೆ ಅದಕ್ಕೂ ಇದೇ ಮಾತು. ಜರ್ಮನ್ನರ ಬಾಯಲ್ಲೂ, ನಾರ್ವೆಯವರ ಬಾಯಲ್ಲೂ ಹಿಮನದಿ ಕರುವನ್ನೇ ಹಾಕುತ್ತದೆ. ಉತ್ತರದ ಕಡಲಿನ ಆ ಜನಕ್ಕೆ ದೊಡ್ಡದರ ಪಕ್ಕ ಚಿಕ್ಕದೊಂದು ಕಂಡರೆ ಕರು ಅನ್ನುವುದು ರೂಢಿ. ಐಲ್ ಆಫ್ ಮ್ಯಾನ್ ಎಂಬ ದ್ವೀಪದ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಪುಟ್ಟ ದ್ವೀಪದ ಹೆಸರು ಈಗಲೂ 'ಮ್ಯಾನ್‌ನ ಕರು' ಎಂದೇ.

ನಾವೇನು ಕಮ್ಮಿ? ಗಂಗೋತ್ರಿ ಹಿಮನದಿಯ ಮೂತಿಗೆ ನಮ್ಮ ಹಿರಿಯರು ಗೋಮುಖ ಎಂದು ಹೆಸರಿಟ್ಟರು. ಅಲ್ಲಿ ಹಸುವಿನ ಬಾಯಿಂದ ನೀರು, ಇಲ್ಲಿ ಹಸುವಿನ ಹೊಟ್ಟೆಯಿಂದ ಕರು. ಗೋಮುಖದ ಮಾತು ಬಂದ ಮೇಲೆಯೇ ದೊಡ್ಡಮ್ಮ ನನ್ನನ್ನು ನಂಬಿದ್ದು.

ಆದರೆ ಈ ಎರಡು ಹೆಸರಿನ ನಡುವೆ ಇರುವ ವ್ಯತ್ಯಾಸವೇ ಅಲಾಸ್ಕಕ್ಕೆ ಹೋಗುವವರು ಮೊದಲು ತಿಳಿಯಬೇಕಾದದ್ದು. ಗಂಗೋತ್ರಿಯದು ನೆಲದ ಮೇಲೆ ಮುಗಿಯುವ ಹಿಮನದಿ. ಕೆಳಗಿಳಿಯುತ್ತಾ ಕರಗುತ್ತದೆ, ಹೊಳೆಯಾಗಿ ಹರಿಯುತ್ತದೆ. ಅಲಾಸ್ಕದ ಹಿಮನದಿಗಳಲ್ಲೂ ಬಹುಪಾಲು ಇಂಥವೇ. ಕೆಲವು ಮಾತ್ರ ಬೆಟ್ಟದಿಂದ ಇಳಿದು ಸೀದಾ ಕಡಲಿಗೆ ಕಾಲಿಡುತ್ತವೆ. ಅವುಗಳ ಹೆಸರು ಟೈಡ್‌ವಾಟರ್ ಗ್ಲೇಸಿಯರ್, ಉಬ್ಬರವಿಳಿತದ ನೀರು ಮುಟ್ಟುವ ಹಿಮನದಿ ಅನ್ನಿ. ಎದೆ ನಡುಗಿಸುವ ಹಾಗೆ ಕರು ಹಾಕುವುದು ಇವು.

ಹಿಮನದಿಯನ್ನು ನದಿ ಅನ್ನುವುದು ಬರೀ ಅಲಂಕಾರಕ್ಕಲ್ಲ. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು, ಮೇಲಿನ ಭಾರಕ್ಕೆ ಕೆಳಗಿನದು ಗಟ್ಟಿ ಮಂಜುಗಡ್ಡೆಯಾಗಿ, ಇಳಿಜಾರಿನಲ್ಲಿ ದಿನಕ್ಕಿಷ್ಟು ಎಂದು ಜರುಗುತ್ತಿರುತ್ತದೆ. ಜರುಗುವಾಗ ಮೈಯೆಲ್ಲ ಬಿರುಕು. ಕಡಲಿಗೆ ಬಂದಾಗ ಬುಡಕ್ಕೆ ಉಪ್ಪುನೀರು ತಾಕುತ್ತದೆ. ಆ ನೀರು ನಮ್ಮ ಲೆಕ್ಕಕ್ಕೆ ಕೈ ಕೊರೆಯುವಷ್ಟು ತಣ್ಣಗಿದ್ದರೂ ಮಂಜುಗಡ್ಡೆಯ ಲೆಕ್ಕಕ್ಕೆ ಬೆಚ್ಚಗೆ. ಅದು ಬುಡ ಕೊರೆಯುತ್ತದೆ, ಉಬ್ಬರ ಇಳಿತ ಎರಡೂ ಸೇರಿ ತುದಿಯನ್ನು ಅಲುಗಿಸುತ್ತವೆ, ಹಿಂದಿನಿಂದ ಹಿಮ ತಳ್ಳುತ್ತದೆ. ಆಷಾಢದ ಮಳೆಯಲ್ಲಿ ಹಳ್ಳ ಬುಡ ಕೊರೆದು ಮೇಲಿನ ಧರೆ ಕುಸಿಯುವುದನ್ನು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ವಿವರಿಸಬೇಕಿಲ್ಲ. ಅದೇ ಇದು, ಮಣ್ಣಿನ ಬದಲು ಮಂಜುಗಡ್ಡೆ. ಕಾವಿಂಗ್ ಎಂದಾಗ ಕನ್ನಡದ ಕಿವಿಗೆ ಕೋಳಿ ಕಾವಿಗೆ ಕೂತದ್ದು ನೆನಪಾದರೆ ನಗಬೇಡಿ. ಪದಗಳಿಗೆ ನಂಟಿಲ್ಲ, ಆದರೆ ಕಾವಿಲ್ಲದೆ ಈ ಕರುವೂ ಹೊರಬರುವುದಿಲ್ಲ.

ಗಾತ್ರ ಹೇಳದಿದ್ದರೆ ಇದೆಲ್ಲ ಫ್ರಿಜ್ಜಿನ ಐಸ್ ಉದುರಿದ ಹಾಗೆ ಕೇಳೀತು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಹಡಗುಗಳು ಹೆಚ್ಚಾಗಿ ನಿಲ್ಲುವುದು ಮಾರ್ಜರಿ ಎಂಬ ಹಿಮನದಿಯ ಮುಂದೆ. ಉದ್ದ ಸುಮಾರು 34 ಕಿಲೋಮೀಟರ್, ಹಾಸನದಿಂದ ಬೇಲೂರಿಗೆ ಸ್ವಲ್ಪ ಕಮ್ಮಿ. ಮುಖದ ಅಗಲ ಸುಮಾರು ಒಂದೂವರೆ ಕಿಲೋಮೀಟರ್. ನೀರಿನ ಮೇಲೆ ಎದ್ದು ನಿಂತ ಗೋಡೆ ಸುಮಾರು 250 ಅಡಿ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ನಾಲ್ಕು ಗೊಮ್ಮಟರನ್ನು ಒಬ್ಬರ ತಲೆ ಮೇಲೊಬ್ಬರಂತೆ ನಿಲ್ಲಿಸಿದರೂ ಆ ಗೋಡೆಯ ನೆತ್ತಿ ಮುಟ್ಟುವುದಿಲ್ಲ. ಅದರಿಂದ ಒಂದು ಚಕ್ಕೆ ಬಿದ್ದರೆ ಅದು ಮನೆಯಷ್ಟಿರಬಹುದು.

ಬೀಳುವ ಸದ್ದಿಗೆ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಮಾತು 'ಬಿಳಿ ಗುಡುಗು'. ಕಾವಿಂಗ್‌ಗಿಂತ ಇದೇ ನನಗೆ ಹಿಡಿಸಿದ ಹೆಸರು. ನೋಡುವ ಉಪಾಯವೂ ಅದರಲ್ಲೇ ಇದೆ. ಹಡಗು ಅರ್ಧ ಕಿಲೋಮೀಟರ್ ದೂರದಲ್ಲಿ ನಿಂತಿದ್ದರೆ ಸದ್ದು ಬರಲು ಒಂದೂವರೆ ಸೆಕೆಂಡ್ ಬೇಕು. ಮಿಂಚು ಮೊದಲು, ಗುಡುಗು ಆಮೇಲೆ. ಸದ್ದು ಕೇಳಿ ಕತ್ತು ತಿರುಗಿಸಿದವರಿಗೆ ಸಿಗುವುದು ಎದ್ದ ಅಲೆ ಮಾತ್ರ. ಚೂರುಪಾರು ಉದುರುತ್ತಿರುವ ಜಾಗ ಹುಡುಕಿ ಅಲ್ಲೇ ಕಣ್ಣು ನೆಡಬೇಕು. ಕೆಚ್ಚಲು ಬಿಗಿದ ಹಸುವನ್ನು ಕಾಯುವ ಹಾಗೆ.

ಬಿದ್ದ ಕರುಗಳಿಗೂ ಗಾತ್ರಕ್ಕೆ ತಕ್ಕ ಹೆಸರಿದೆ. ನೀರಿನ ಮೇಲೆ ಐದು ಮೀಟರಿಗಿಂತ ಎತ್ತರ ಕಂಡರೆ ಐಸ್‌ಬರ್ಗ್, ಅದಕ್ಕಿಂತ ಚಿಕ್ಕದು ಬರ್ಗಿ ಬಿಟ್, ಒಂದು ಮೀಟರಿಗೂ ಕಮ್ಮಿ ಕಾಣುವುದು ಗ್ರೌಲರ್. ಹತ್ತರಲ್ಲಿ ಒಂಬತ್ತು ಪಾಲು ನೀರಿನಡಿ ಇರುತ್ತದೆ. ಹತ್ತಿರ ಹೋದರೆ ಸೋಡಾ ಬಾಟಲಿ ತೆರೆದಂಥ ಚಿಟಿಚಿಟಿ ಕೇಳುತ್ತದೆ: ಯಾವ ಕಾಲದಲ್ಲೋ ಹಿಮದೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಒಡೆಯುವ ಸದ್ದು. ಸೀಲ್‌ಗಳಿಗೆ ಈ ತೇಲುವ ಗಡ್ಡೆಗಳೇ ಬಾಣಂತಿ ಕೋಣೆ. ಮಾರ್ಜರಿಯ ಪಕ್ಕದ ಜಾನ್ಸ್ ಹಾಪ್ಕಿನ್ಸ್ ಕವಲಿನಲ್ಲಿ ಅವು ಮರಿ ಹಾಕಿ ಸಾಕುವ ಕಾಲವೆಂದು ಮೇ 1ರಿಂದ ಆಗಸ್ಟ್ 31ರವರೆಗೆ ಪ್ರವಾಸಿ ಹಡಗುಗಳನ್ನು ಒಳಗೆ ಬಿಡುವುದಿಲ್ಲ.

ಹಾಗಾದರೆ ಇದೆಲ್ಲ ಭೂಮಿ ಬಿಸಿಯಾದ ಕೇಡಿನ ಲಕ್ಷಣವೇ? ವಿಡಿಯೊಗಳ ಕೆಳಗೆ ಹಾಗೆ ಬರೆದು ಕಣ್ಣೀರು ಹಾಕುವವರಿದ್ದಾರೆ. ಕಡಲು ಮುಟ್ಟಿದ ಹಿಮನದಿ ಕರು ಹಾಕುವುದು ಅದರ ಬದುಕಿನ ಕ್ರಮ, ಗಟ್ಟಿಮುಟ್ಟಾದದ್ದೂ ಹಾಕುತ್ತದೆ. ಹಬ್ಬರ್ಡ್ ಹಿಮನದಿ ಹಾಸನದಿಂದ ಮೈಸೂರಿನಷ್ಟು ಉದ್ದ, ಸುಮಾರು 122 ಕಿಲೋಮೀಟರ್. ಕರು ಹಾಕುತ್ತಲೇ ಮುಂದೆ ಮುಂದೆ ಬರುತ್ತಿದೆ. 1986ರಲ್ಲಿ, ಮತ್ತೆ 2002ರಲ್ಲಿ ರಸೆಲ್ ಫಿಯರ್ಡ್ ಎಂಬ ಕಡಲ ಕವಲಿನ ಬಾಯನ್ನೇ ಮುಚ್ಚಿ ಅದನ್ನು ಕೆಲಕಾಲ ಕೆರೆ ಮಾಡಿಬಿಟ್ಟಿತ್ತು. ಕರು ನಿಂತದ್ದೇ ಕೇಡಿನ ಗುರುತಾಗುವುದೂ ಉಂಟು. 1880ರ ದಶಕದಿಂದಲೇ ಉಗಿಹಡಗುಗಳಲ್ಲಿ ಜನ ನೋಡಲು ಬರುತ್ತಿದ್ದದ್ದು ಮ್ಯೂರ್ ಹಿಮನದಿಯನ್ನು. ಅದು ಹಿಂದೆ ಸರಿದು ಸರಿದು ಈಗ ನೆಲ ಹತ್ತಿ ಕೂತಿದೆ. ಗೊಡ್ಡು ಬಿದ್ದ ಹಸು. ಗ್ಲೇಸಿಯರ್ ಬೇಯೇ ಇಂಥ ಹಿಂಜರಿತದಿಂದ ತೆರೆದುಕೊಂಡ ಜಾಗ: 1794ರಲ್ಲಿ ವ್ಯಾಂಕೂವರ್ ಎಂಬ ಬ್ರಿಟಿಷ್ ಕಪ್ತಾನನ ನಾವಿಕರು ನೋಡಿದಾಗ ಅಲ್ಲಿದ್ದದ್ದು ಹಿಮದ ಗೋಡೆ, ಇವತ್ತು ಅಲ್ಲಿ 100 ಕಿಲೋಮೀಟರಿಗೂ ಹೆಚ್ಚು ಒಳಗೆ ಹಡಗು ಹೋಗುತ್ತದೆ. ಆಗ ಕಾರ್ಖಾನೆಯ ಹೊಗೆ ಲೋಕವನ್ನು ಇಷ್ಟು ಮುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಎಲ್ಲಕ್ಕೂ ಒಂದೇ ಕಾರಣ ಹೇಳಿ ಮುಗಿಸಲಾಗದು.

ಇನ್ನು ದೊಡ್ಡಮ್ಮನ ವಿಷಯ. ಹಡಗಿನ ಕಾಗದದಲ್ಲಿ 'ಗ್ಲೇಸಿಯರ್' ಎಂದು ಎಲ್ಲಿ ಕಂಡರೂ ಕರು ಹಾಕುವ ಜಾಗ ಅಂದುಕೊಳ್ಳಬಾರದು. ಜೂನೋ ಊರಿನ ಮೆಂಡೆನ್‌ಹಾಲ್ ಚೆನ್ನಾಗಿದೆ, ಬಸ್ಸಿನಲ್ಲೇ ಹೋಗಿ ನೋಡಿ ಬರಬಹುದು, ಆದರೆ ಅದರ ನೀರು ಸೇರುವುದು ಕೆರೆಗೆ. ಹುಡುಕಬೇಕಾದ ಮಾತು 'ಸೀನಿಕ್ ಕ್ರೂಸಿಂಗ್'. ಆ ದಿನ ಹಡಗು ಯಾವ ದಡಕ್ಕೂ ಕಟ್ಟುವುದಿಲ್ಲ, ಇಳಿಯುವುದಿಲ್ಲ, ಮೇಲಂತಸ್ತಿನಿಂದಲೇ ನೋಡುವುದು. ಅದರ ಮುಂದೆ ಯಾವ ಹೆಸರಿದೆ ಎಂಬುದರ ಮೇಲೆ ದುಡ್ಡು ಸಾರ್ಥಕವೋ ಅಲ್ಲವೋ ನಿಂತಿದೆ. ಗ್ಲೇಸಿಯರ್ ಬೇ ಎಂದಿದ್ದರೆ ಕಣ್ಣು ಮುಚ್ಚಿ ಒಪ್ಪಬಹುದು. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಲ್ಲಿ ಪ್ರವೇಶ, ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಬಂದು ವಿವರಿಸುತ್ತಾರೆ. ಹಬ್ಬರ್ಡ್ ಇನ್ನೂ ದೊಡ್ಡದು, ಆದರೆ ಬಿದ್ದ ಕರುಗಳೇ ದಾರಿಗೆ ಅಡ್ಡವಾಗಿ ಹಡಗು ದೂರದಲ್ಲೇ ನಿಲ್ಲುವ ದಿನಗಳುಂಟು. ಇನ್ನೊಂದು ಹೆಸರು ಟ್ರೇಸಿ ಆರ್ಮ್ ಎಂಬ ಕಡಲ ಕವಲು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸೌತ್ ಸಾಯರ್ ಹಿಮನದಿಯ ಹತ್ತಿರ ಗುಡ್ಡವೇ ಜಾರಿ ನೀರಿಗೆ ಬಿದ್ದು ಭಾರೀ ಅಲೆ ಎದ್ದಿತ್ತು. ಹಳೆಯ ಪ್ರವಾಸಕಥನ ಓದಿ ಅದೇ ಬೇಕು ಎಂದು ಹಟ ಹಿಡಿಯುವ ಬದಲು ಪಕ್ಕದ ಎಂಡಿಕಾಟ್ ಆರ್ಮ್ ಸಿಕ್ಕರೆ ಒಪ್ಪಿಕೊಳ್ಳುವುದು ಮೇಲು.

ತಿಂಗಳು ಯಾವುದು ಎಂಬಲ್ಲಿ ದೊಡ್ಡಪ್ಪ ಬಾಯಿ ಹಾಕಿದರು. ಹಡಗುಗಳು ಓಡುವುದು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಜನವೂ ಹೆಚ್ಚು, ದರವೂ ಹೆಚ್ಚು. ಆಗ್ನೇಯ ಅಲಾಸ್ಕ ಅಂದರೆ ಮಲೆನಾಡೇ, ಕೆಚಿಕನ್ ಊರಿನಲ್ಲಿ ವರ್ಷಕ್ಕೆ 140 ಇಂಚಿನ ಮೇಲೆ ಮಳೆ. ಮೇ ತಿಂಗಳಲ್ಲಿ ಮಳೆ ಸ್ವಲ್ಪ ಕಡಿಮೆ, ದರವೂ ಇಳಿದಿರುತ್ತದೆ. ಕಾಫಿ ಕೊಯ್ಲು ಮುಗಿದಿದೆ, ಕಾಫಿ ಹೂ ಅರಳಿಸುವ ಹೂಮಳೆ, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಎರಡೂ ಆಗಿವೆ, ಮೇ ಮೊದಲ ವಾರವೇ ಸರಿ ಅಂದೆ. "ಬೋರ್ಡೋ ಯಾರು ಹೊಡೆಸ್ತಾರೆ, ನಿಮ್ಮಪ್ಪನಾ?" ಅಂದರು ದೊಡ್ಡಪ್ಪ. ಮಳೆಗಾಲಕ್ಕೆ ಮುಂಚೆ ಈ ಬೋರ್ಡೋ ಔಷಧಿ ಹೊಡೆಯದಿದ್ದರೆ ಮೆಣಸು ಉಳಿಯುವುದಿಲ್ಲ, ನಿಜ. ತಿಂಗಳ ಕೊನೆಯೊಳಗೆ ವಾಪಸ್ ಬರುವ ಮಾತಿನ ಮೇಲೆ ಒಪ್ಪಿದರು.

ವೀಸಾದಲ್ಲಿ ಒಂದು ಕೊಕ್ಕೆ ಇದೆ. ಮೊದಲು ವಿಚಾರಿಸಿದ ಟ್ರಾವೆಲ್ಸ್‌ನವರು ಅಮೆರಿಕದ್ದು ಇದ್ದರೆ ಸಾಕು ಎಂದು ಕಳಿಸಿದ್ದರು. ಸಿಯಾಟಲ್ ಅಮೆರಿಕ, ಅಲಾಸ್ಕವೂ ಅಮೆರಿಕ, ಹೌದು. ಆದರೆ 1886ರ ಒಂದು ಹಳೇ ಕಾನೂನಿನ ಪ್ರಕಾರ ಬೇರೆ ದೇಶದ ಬಾವುಟದ ಹಡಗು ನಡುವೆ ವಿದೇಶಿ ಬಂದರು ಮುಟ್ಟದೆ ಹೀಗೆ ಸುತ್ತಿಬರುವಂತಿಲ್ಲ, ದೊಡ್ಡ ಹಡಗುಗಳ ಬಾವುಟ ಬಹುತೇಕ ಬೇರೆ ದೇಶದ್ದೇ. ಅದಕ್ಕೇ ಸಿಯಾಟಲ್ ಹಡಗುಗಳು ಕೆನಡಾದ ವಿಕ್ಟೋರಿಯದಲ್ಲಿ ಒಂದು ಸಂಜೆ ನಿಲ್ಲುವುದು. ನಮ್ಮ ಪಾಸ್‌ಪೋರ್ಟಿನವರಿಗೆ ಆ ನಾಲ್ಕು ಗಂಟೆಗೋಸ್ಕರ ಕೆನಡಾ ವೀಸಾ ಬೇಕು, ಅಮೆರಿಕದ್ದು ಮತ್ತೆ ಒಳಗೆ ಬರಲು ಬಿಡುವಂಥದ್ದಾಗಿರಬೇಕು. ಇವೆರಡೂ ಕೈಗೆ ಬರುವ ತನಕ ವಾಪಸ್ ಸಿಗದ ಮುಂಗಡ ಕಟ್ಟಬೇಡಿ ಎಂದು ಹೇಳಿದ್ದೇನೆ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಹಿಮನದಿಯ ಮೇಲಿಂದ ಇಳಿದುಬರುವ ಗಾಳಿ ಮುಳ್ಳಯ್ಯನಗಿರಿ ತುದಿಯ ಗಾಳಿಗೆ ಅಣ್ಣ ಎಂದೆ, ಅರ್ಥವಾಯಿತು. ಕೋಣೆ ಎಡಗಡೆಯೋ ಬಲಗಡೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಮುಖದ ಮುಂದೆ ಹಡಗು ನಿಧಾನಕ್ಕೆ ಸುತ್ತು ತಿರುಗುತ್ತದೆ ಎಂದೂ ಹೇಳಿದೆ.

"ಎಷ್ಟೊತ್ತು ನಿಲ್ತದೆ ಅಲ್ಲಿ?"

"ಒಂದು ಗಂಟೆ ಅನ್ಕೊಳ್ಳಿ. ಹಾಕೇ ಹಾಕ್ತದೆ ಅಂತ ಯಾರೂ ಮಾತು ಕೊಡಲ್ಲ."

ದೊಡ್ಡಮ್ಮ ಫೋನು ವಾಪಸ್ ಇಸ್ಕೊಂಡರು. "ಗೊತ್ತು ಬಿಡು. ರಾತ್ರಿಯೆಲ್ಲ ಕಾದು, ಒಂದು ಲೋಟ ಕಾಫಿ ಕುಡ್ಕೊಂಡು ಬರೋಣ ಅಂತ ಒಳಗೆ ಹೋದ್ರೆ ಆಗ್ಲೇ ಹಾಕೋದು. ಆವತ್ತು ನಾನು ಊಟಕ್ಕೂ ಒಳಗೆ ಹೋಗಲ್ಲ ಅಂತ ಅವ್ಳಿಗೆ ಈಗ್ಲೇ ಹೇಳ್ಬಿಡು."