ಸಬ್‌ಮರೀನಿನ ಕಥೆ ಅಂದ್ರೆ ಗಾಳಿಯ ಕಥೆ

ಬೆಂಗಳೂರಿನವರು ಸಮುದ್ರ ನೋಡಬೇಕಂದ್ರೆ ಘಾಟಿ ಇಳಿಯಬೇಕು, ಇಲ್ಲ ಚೆನ್ನೈ ರೈಲು ಹತ್ತಬೇಕು. ಆದರೂ ನಮ್ಮ ನೌಕಾಪಡೆಯ ಸಬ್‌ಮರೀನುಗಳಿಗೆ ಈ ಊರು ಬೇಕೇ ಬೇಕು. ನೀರೊಳಗೆ ಅವಕ್ಕೆ ಕಿವಿಯಂತಿರುವ ಸೋನಾರ್ ತಯಾರಾಗುವುದು ಇಲ್ಲಿನ ಬಿಇಎಲ್ ಕಾರ್ಖಾನೆಯಲ್ಲಿ. ಮುಳುಗಿದ ಸಬ್‌ಮರೀನಿನಿಂದ ನಾವಿಕರು ಜೀವಸಹಿತ ಮೇಲೆ ಬರಲು ತೊಡುವ ಉಡುಪನ್ನು ರೂಪಿಸಿದ್ದು ಸಿ.ವಿ. ರಾಮನ್ ನಗರದ ಡೆಬೆಲ್, ಅಂದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಒಂದು ಪ್ರಯೋಗಾಲಯ.

ಆ ಉಡುಪಿನ ಕೆಲಸ ಮುಖ್ಯವಾಗಿ ಉಸಿರಿನದು. ಸಬ್‌ಮರೀನಿನ ಇಡೀ ಚರಿತ್ರೆಯೂ ಅದೇ. ಟಾರ್ಪೆಡೊ, ಕ್ಷಿಪಣಿ ಬಗ್ಗೆ ನಾವು ಜಾಸ್ತಿ ಮಾತಾಡ್ತೀವಿ, ಆದರೆ ನಾಲ್ಕು ಶತಮಾನದಿಂದ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಗಾಳಿ.

1620ರ ಸುಮಾರಿಗೆ ಡ್ರೆಬೆಲ್ ಎಂಬ ಡಚ್ಚರವನು ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕುವ ದೋಣಿಯೊಂದನ್ನು ನೀರೊಳಗೆ ನಡೆಸಿದ. 1776ರಲ್ಲಿ ಅಮೆರಿಕದ ಟರ್ಟಲ್ ಬಂತು. ಒಬ್ಬನೇ ಕೂರಬಹುದಾದ ಮರದ ಗೂಡು, ಒಳಗಿದ್ದ ಗಾಳಿ ಸುಮಾರು ಅರ್ಧ ಗಂಟೆಗೆ ಸಾಕು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಹನ್ಲಿ ಎಂಬ ಸಬ್‌ಮರೀನ್ ಮೊದಲ ಬಾರಿಗೆ ಶತ್ರುವಿನ ಯುದ್ಧನೌಕೆಯೊಂದನ್ನು ಮುಳುಗಿಸಿತು. ಅದರ ಪ್ರೊಪೆಲ್ಲರ್ ತಿರುಗಿಸುತ್ತಿದ್ದದ್ದು ಮನುಷ್ಯರ ತೋಳು. ಒಳಗಿದ್ದ ಎಂಟೂ ಜನ ವಾಪಸ್ ಬರಲಿಲ್ಲ.

ಆಮೇಲೆ ಜಾನ್ ಹಾಲೆಂಡ್ ಎಂಬ ಎಂಜಿನಿಯರ್ ಒಂದು ಒಳ್ಳೆಯ ಉಪಾಯ ಮಾಡಿದರು. ನೀರಿನ ಮೇಲೆ ಪೆಟ್ರೋಲ್ ಎಂಜಿನ್, ಕೆಳಗೆ ಬ್ಯಾಟರಿ. 1900ರಲ್ಲಿ ಅಮೆರಿಕದ ನೌಕಾಪಡೆ ಅವರ ಸಬ್‌ಮರೀನ್ ಕೊಂಡಿತು. ಪೆಟ್ರೋಲ್ ಜಾಗಕ್ಕೆ ಡೀಸೆಲ್ ಬಂತು, ಅಷ್ಟು ಬಿಟ್ಟರೆ ಇವತ್ತಿನ ಬಹಳಷ್ಟು ಸಬ್‌ಮರೀನುಗಳು ಓಡುವುದು ಅದೇ ಲೆಕ್ಕದಲ್ಲಿ. ಇದರ ತಾಕತ್ತು ಜಗತ್ತಿಗೆ ಗೊತ್ತಾಗಿದ್ದು 1914ರ ಸೆಪ್ಟೆಂಬರ್ 22ರಂದು. ಜರ್ಮನಿಯ ಯು-9 ಸಬ್‌ಮರೀನ್ ಅವತ್ತು ಒಂದೇ ಬೆಳಗ್ಗೆ ಬ್ರಿಟನ್ನಿನ ಮೂರು ಕ್ರೂಸರ್ ಯುದ್ಧನೌಕೆಗಳನ್ನು ಮುಳುಗಿಸಿತು.

ಆದರೆ ಬ್ಯಾಟರಿ ಖಾಲಿಯಾದರೆ ಮೇಲೆ ಬರಲೇಬೇಕು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕಲ್ವಾ? ಎರಡನೇ ಮಹಾಯುದ್ಧದಲ್ಲಿ ಮೇಲೆ ಬಂದವುಗಳನ್ನು ರೇಡಾರ್ ಇದ್ದ ವಿಮಾನಗಳು ಹುಡುಕಿ ಹುಡುಕಿ ಹೊಡೆದವು. ಅದಕ್ಕೇ ಜರ್ಮನ್ನರು ಸ್ನಾರ್ಕೆಲ್ ಹಾಕಿದರು. ಸಬ್‌ಮರೀನ್ ಮೇಲ್ಮೈಯಿಂದ ಸ್ವಲ್ಪವೇ ಕೆಳಗಿದ್ದು, ಒಂದು ಕೊಳವೆಯನ್ನು ಮಾತ್ರ ಹೊರಗೆ ಚಾಚಿ ಎಂಜಿನ್ ಓಡಿಸುವುದು. ಅಲೆ ಬಂದು ಬಡಿದರೆ ನೀರು ನುಗ್ಗದ ಹಾಗೆ ಕೊಳವೆಯ ವಾಲ್ವ್ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ, ಹೊರಗಿನ ಗಾಳಿ ಸಿಗದೆ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಒತ್ತಡ ಧಡಕ್ಕನೆ ಇಳಿದು ಎಲ್ಲರ ಕಿವಿ ಸಿಡಿದಂತಾಗುತ್ತದೆ. ಇಷ್ಟೆಲ್ಲ ಪಾಡು ಪಟ್ಟರೂ ಜರ್ಮನಿಯ ಸುಮಾರು 40,000 ಸಬ್‌ಮರೀನ್ ನಾವಿಕರಲ್ಲಿ ಹತ್ತಿರ ಹತ್ತಿರ 30,000 ಜನ ಸತ್ತರು. ಅವರು ಯಾವ ಕಡೆಯವರೇ ಆಗಿರಲಿ, ಈ ಲೆಕ್ಕ ಓದುವಾಗ ಸಂಕಟ ಆಗುತ್ತದೆ.

ಈ ಗಂಟು ಬಿಡಿಸಿದ್ದು ಅಣುಶಕ್ತಿ. 1955ರ ಜನವರಿಯಲ್ಲಿ ಅಮೆರಿಕದ ನಾಟಿಲಸ್ ಅಣುಶಕ್ತಿಯಿಂದ ಹೊರಟಿತು, 1958ರಲ್ಲಿ ಹಿಮದಡಿಯಲ್ಲೇ ಉತ್ತರ ಧ್ರುವ ದಾಟಿತು. ರಿಯಾಕ್ಟರಿಗೆ ಗಾಳಿ ಬೇಡ. ಅದು ಕೊಡುವ ಕರೆಂಟಿನಿಂದ ನೀರನ್ನೇ ಒಡೆದು ಆಮ್ಲಜನಕ ಮಾಡಿಕೊಳ್ಳಬಹುದು. ಹಾಗಾಗಿ ದಿನಸಿ ಇರುವಷ್ಟು ದಿನ ಕೆಳಗೇ ಇರಬಹುದು.

ನಮ್ಮಲ್ಲಿ ಮೊದಲು ಬಂದದ್ದು 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕಲ್ವರಿ. ನಾಲ್ಕೇ ವರ್ಷಕ್ಕೆ 1971ರ ಯುದ್ಧ. ಪಾಕಿಸ್ತಾನದ ಸಬ್‌ಮರೀನ್ ಘಾಜಿ ವಿಶಾಖಪಟ್ಟಣದ ಹತ್ತಿರ ಮುಳುಗಿತು, ನಮ್ಮ ಯುದ್ಧನೌಕೆ ಖುಕ್ರಿಯನ್ನು ಅವರ ಇನ್ನೊಂದು ಸಬ್‌ಮರೀನ್ ಹಂಗೋರ್ ಮುಳುಗಿಸಿತು. ಅದೇ ಕಾಲದ ನಮ್ಮ ಸಬ್‌ಮರೀನ್ ಕುರ್ಸುರಾ ಈಗ ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ. ಆ ಕಡೆ ಹೋದರೆ ಸುಮ್ನೆ ಹೊರಗಿಂದ ಫೋಟೋ ಹೊಡೆದು ಬರಬೇಡಿ, ಒಳಗೆ ಹೋಗಿ. ತೊಂಬತ್ತು ಮೀಟರ್ ಉದ್ದ ಇದ್ದರೂ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಬಗ್ಗಿ, ದುಂಡಗಿನ ಬಾಗಿಲಲ್ಲಿ ಕಾಲು ಎತ್ತಿಟ್ಟು ನುಸುಳಬೇಕು.

ಈಗ ಅಣುಶಕ್ತಿಯ ಅರಿಹಂತ್, ಅರಿಘಾತ್ ನಮ್ಮವೇ. ಡೀಸೆಲ್ ಸಬ್‌ಮರೀನುಗಳಿಗೂ ಹೊರಗಿನ ಗಾಳಿ ಬೇಡದ ಹಾಗೆ ಡಿಆರ್‌ಡಿಒ ಫ್ಯೂಯೆಲ್ ಸೆಲ್ (ಇಂಧನ ಸುಡದೆ ರಾಸಾಯನಿಕ ಕ್ರಿಯೆಯಿಂದಲೇ ಕರೆಂಟ್ ಕೊಡುವ ಸಾಧನ) ವ್ಯವಸ್ಥೆಯೊಂದನ್ನು ಮಾಡಿದೆ. ಅದರ ಮಾದರಿ 2021ರಲ್ಲಿ ನೆಲದ ಮೇಲಿನ ಪರೀಕ್ಷೆ ಪಾಸಾಗಿದೆ. ನನ್ನ ಪ್ರಕಾರ ನಮಗೆ ತುರ್ತಾಗಿ ಬೇಕಿರುವುದು ಇದೇ, ಇದು ಈಗಾಗಲೇ ತಡವಾಗಿದೆ.

ಯುದ್ಧದ ಮಾತು ಬಿಟ್ಟರೆ ಮತ್ಸ್ಯ 6000 ಇದೆ. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಬೇಕೆಂದು ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿ ಕಟ್ಟುತ್ತಿರುವ ವಾಹನ. ಹನ್ನೆರಡು ಗಂಟೆಯ ಕೆಲಸಕ್ಕೆ, ಅನಾಹುತ ಆದರೆ 96 ಗಂಟೆಗೆ ಬೇಕಾಗುವ ಗಾಳಿ ಅದರಲ್ಲಿರಬೇಕು. ಮನುಷ್ಯರೇ ಇಲ್ಲದ ಸಬ್‌ಮರೀನುಗಳೂ ಬರುತ್ತಿವೆ, ಅವಕ್ಕೆ ಗಾಳಿಯ ಚಿಂತೆಯೇ ಇಲ್ಲ. ಆದರೆ ಸಾಮಾನ್ಯ ರೇಡಿಯೊ ಅಲೆಗಳು ಸಮುದ್ರದ ನೀರಿನೊಳಗೆ ಹೋಗುವುದಿಲ್ಲ, ಆಕಾಶದ ಡ್ರೋನ್ ಥರ ದೂರದಲ್ಲಿ ಕೂತು ಇವನ್ನು ನಡೆಸಲು ಆಗುವುದಿಲ್ಲ, ಬಹಳಷ್ಟನ್ನು ಅವೇ ತೀರ್ಮಾನಿಸಬೇಕು. ನೀರಲ್ಲಿ ಅಡಗಿಸಿಟ್ಟ ಬಾಂಬ್ ಹುಡುಕಲು, ಸಮುದ್ರದ ತಳ ಅಳೆಯಲು ಅವನ್ನು ಧಾರಾಳವಾಗಿ ಕಳಿಸಲಿ. ಟಾರ್ಪೆಡೊ ಬಿಡುವ ತೀರ್ಮಾನವನ್ನು ಮಾತ್ರ ಯಂತ್ರದ ಕೈಗೆ ಕೊಡಬಾರದು.