ವಾರಗಟ್ಟಲೆ ಬಿಡದ ತಲೆನೋವು

ಬೀದರ್ ಕೋಟೆಯ ಕಮಾನುಗಳಲ್ಲಿ ಪಾರಿವಾಳಗಳು ಕೂರುವ ಕಡೆ, ಕೆಳಗೆ ಒಣಗಿ ಪುಡಿಯಾದ ಹಿಕ್ಕೆ ಬಿದ್ದಿರುತ್ತದೆ. ಅಂಥ ಹಿಕ್ಕೆಯಲ್ಲಿ ಹುಲುಸಾಗಿ ಬೆಳೆಯುವ ಶಿಲೀಂಧ್ರವೊಂದರ ಹೆಸರು ಕ್ರಿಪ್ಟೊಕಾಕಸ್. ಗಾಳಿ ಬೀಸಿದಾಗ ಅದು ದೂಳಿನೊಂದಿಗೆ ಎದ್ದು ಉಸಿರಿಗೆ ಸೇರುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಶ್ವಾಸಕೋಶದ ರಕ್ಷಕ ಕೋಶಗಳು ಅದನ್ನು ನುಂಗಿಹಾಕುತ್ತವೆ, ಇಲ್ಲವೇ ಸುತ್ತುವರಿದು ಅಲ್ಲೇ ಕಟ್ಟಿಹಾಕುತ್ತವೆ.

ಆ ಕಾವಲು ಸಡಿಲವಾದವರ ಪಾಡು ಬೇರೆ. ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿಯ ಅಳತೆಗೋಲಾದ ಸಿಡಿ4 ಬಿಳಿರಕ್ತಕೋಶಗಳ ಎಣಿಕೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 100ಕ್ಕಿಂತ ಕೆಳಗಿಳಿದವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೆರಾಯ್ಡ್ ನುಂಗುವವರಲ್ಲಿ ಶಿಲೀಂಧ್ರ ರಕ್ತಕ್ಕಿಳಿದು ಚರ್ಮ, ಮೂಳೆಗಳಿಗೆ ಹರಡಬಹುದು. ಅದು ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಮೆದುಳನ್ನು.

ಮೊದಲು ಕಾಣುವುದು ಬರೀ ತಲೆನೋವು. ಎರಡು ಮೂರು ವಾರ ಎಳೆಯುತ್ತದೆ. ಜ್ವರ ಸಣ್ಣದಿರಬಹುದು, ಕತ್ತು ಬಿಗಿಯದೆಯೂ ಇರಬಹುದು. ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಬಿಸಿಲಿನ ತಲೆನೋವೆಂದು ಯಾರಾದರೂ ತಿಳಿದಾರು. ಅಷ್ಟರಲ್ಲಿ ಮೆದುಳು, ಬೆನ್ನುಹುರಿಗಳ ಸುತ್ತಲಿನ ದ್ರವ ಹರಿದುಹೋಗುವ ದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ. ವಾಂತಿ, ಮಂಪರು, ಒಂದು ವಸ್ತು ಎರಡಾಗಿ ಕಾಣುವುದು ಶುರುವಾಗುತ್ತದೆ, ದೃಷ್ಟಿಯೇ ಹೋಗಬಹುದು.

ಬೆನ್ನಿನಿಂದ ಆ ದ್ರವವನ್ನು, ಅಂದರೆ ನೀರನ್ನು, ತೆಗೆಯಬೇಕೆಂದರೆ ಮನೆಯವರು ಬೆಚ್ಚುತ್ತಾರೆ. ಸೂಜಿ ಚುಚ್ಚಿದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ. ಈ ಕಾಯಿಲೆಯಲ್ಲಿ ನೀರು ತೆಗೆಯುವುದು ಪರೀಕ್ಷೆ ಮಾತ್ರವಲ್ಲ, ಚಿಕಿತ್ಸೆಯೂ ಹೌದು. ಒತ್ತಡ ಇಳಿದರೆ ತಲೆನೋವೂ ಇಳಿಯುತ್ತದೆ. ಆ ನೀರಿನ ಹನಿಗೆ ಇಂಡಿಯಾ ಇಂಕ್ ಎಂಬ ಕಪ್ಪು ಮಸಿ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಶಿಲೀಂಧ್ರದ ಲೋಳೆಯಂಥ ದಪ್ಪ ಕವಚದೊಳಗೆ ಮಸಿ ಇಳಿಯುವುದಿಲ್ಲ. ಕಪ್ಪಿನ ನಡುವೆ ಬಳೆಯಂತೆ ಬೆಳಕಿನ ಸುತ್ತು, ಒಳಗೊಂದು ದುಂಡು ಕೋಶ, ಕೆಲವಕ್ಕೆ ಪಕ್ಕದಲ್ಲೇ ಮೊಳೆತ ಮರಿಕೋಶ.

2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ಜನ ಹುಡುಕಿ ಪರದಾಡಿದ ಆಂಫೊಟೆರಿಸಿನ್ ಬಿ ಇದಕ್ಕೂ ಮುಖ್ಯ ಔಷಧ. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಹೀಗಾಗಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ಇರುವವರಿಗೆ ಆ ಔಷಧದ ಸೌಮ್ಯ ರೂಪವನ್ನು ಹೆಚ್ಚಿನ ಪ್ರಮಾಣದಲ್ಲಿ ಒಂದೇ ಬಾರಿ ಕೊಟ್ಟು, ಜೊತೆಗೆ 14 ದಿನ ಎರಡು ಬಗೆಯ ಮಾತ್ರೆ ಕೊಡುವ ಕ್ರಮವನ್ನು ಶಿಫಾರಸು ಮಾಡಿತು.

ಇದೆಲ್ಲಕ್ಕೂ ಮೊದಲೇ ಹಿಡಿಯುವ ದಾರಿಯೊಂದಿದೆ. ಕವಚದ ಚೂರುಗಳು ತಲೆನೋವಿಗಿಂತ ವಾರಗಳ ಮುಂಚೆಯೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ‘ಕ್ರಾಗ್’ ಪರೀಕ್ಷಾಪಟ್ಟಿ ಕೆಲವೇ ನಿಮಿಷಗಳಲ್ಲಿ ಅದನ್ನು ತೋರಿಸುತ್ತದೆ. ಮೆದುಳಿಗೆ ಇನ್ನೂ ಸೋಂಕು ತಲುಪಿಲ್ಲವೆಂದು ಖಚಿತವಾದರೆ ಫ್ಲುಕೊನಜೋಲ್ ಮಾತ್ರೆಯಿಂದಲೇ ತಡೆಯಬಹುದು. ಸಿಡಿ4 ಕುಸಿದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಆಗಲೇಬೇಕು ಎಂಬುದು ನನ್ನ ಒತ್ತಾಯ.

ನನ್ನ ಚಿಂತೆ ಯಾದಗಿರಿಯ ಹಳ್ಳಿಗಳಿಂದ ಗುಳೆ ಹೋಗುವವರದು. ಊರು ಬಿಟ್ಟಾಗ ಎಚ್‌ಐವಿಯನ್ನು ಹದ್ದುಬಸ್ತಿನಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪುತ್ತದೆ, ಸಿಡಿ4 ಸದ್ದಿಲ್ಲದೆ ಇಳಿಯುತ್ತದೆ. ಹೊರಡುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿದರೆ ಹೋಗುವ ಊರಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಮಾತ್ರೆ ಬಿಟ್ಟು ಮರಳಿದವರು ತಲೆನೋವಿದ್ದರೆ ಅದನ್ನು ಮೊದಲು ಹೇಳಬೇಕು. ಮೆದುಳಿನಲ್ಲಿ ಶಿಲೀಂಧ್ರವಿರುವಾಗ ಎಆರ್‌ಟಿ ತಕ್ಷಣ ಶುರುವಾದರೆ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಅಲ್ಲಿ ಉರಿಯೂತ ಎಬ್ಬಿಸಿ ಜೀವಕ್ಕೇ ಕುತ್ತು ತರಬಹುದು. ಅದಕ್ಕಾಗಿಯೇ ವೈದ್ಯರು ಶಿಲೀಂಧ್ರದ ಚಿಕಿತ್ಸೆ ಆರಂಭಿಸಿ ನಾಲ್ಕರಿಂದ ಆರು ವಾರ ಕಾಯುತ್ತಾರೆ.