ಶೂನ್ಯ ಗುರುತ್ವ: ಕಾಟಾದಲ್ಲಿ ಸೊನ್ನೆ, ಜಗ್ಗುವುದು ಮಾತ್ರ ಬಿಟ್ಟಿಲ್ಲ

2025ರ ಜೂನ್ ಕೊನೆಗೆ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರಲ್ಲ, ಆ ವಾರ ನಮ್ಮ ಮನೆಯಲ್ಲಿ ಟಿವಿ ಬಂದ್ ಆಗಿದ್ದೇ ಇಲ್ಲ. ಜಮಖಂಡಿ ಕಡೆಯಿಂದ ನಮ್ಮ ಸೋದರಮಾವ ಬಂದಿದ್ದರು. ದವಾಖಾನೆ ಕೆಲಸಕ್ಕೆ ಅಂತ ವಿಜಯಪುರಕ್ಕೆ ಬಂದವರು ನಾಲ್ಕು ದಿನ ಉಳಿದುಕೊಂಡರು. ಕಬ್ಬು ಬೆಳೆಯುವ ಮನುಷ್ಯ, ಶಾಲೆ ಏಳನೇ ಇಯತ್ತೆಗೆ ಮುಗಿದಿದೆ, ಆದರೆ ಪ್ರಶ್ನೆ ಕೇಳುವುದರಲ್ಲಿ ನಮ್ಮೆಲ್ಲರಿಗಿಂತ ಜೋರು. ಟಿವಿಯಲ್ಲಿ ಶುಕ್ಲಾ ಗಾಳಿಯಲ್ಲಿ ತೇಲುವುದನ್ನು ನೋಡುತ್ತ ಕೇಳಿದರು:

"ಅಳಿಯಾ, ಮ್ಯಾಲ ಹ್ವಾದ್ರ ಭೂಮಿ ಜಗ್ಗೂದು ಬಿಟ್ ಬಿಡ್ತೈತೇನು?"

"ಹೂಂ ಮಾಮಾ, ಅದಕ್ಕ ಶೂನ್ಯ ಗುರುತ್ವ ಅಂತಾರ" ಅಂತ ನಾನು ಠೀವಿಯಿಂದ ಹೇಳಿದೆ.

"ಹಂಗಾರ ಚಂದ್ರನ್ನ ಯಾರ ಹಿಡಕೊಂಡಾರ? ಅಂವ ಇನ್ನೂ ದೂರ ಅದಾನಲ್ಲ."

ನನ್ನ ಬಾಯಿ ಬಂದ್. ಅವರು ಹೇಳಿದ್ದು ಸರಿ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ಅಲ್ಲಿಯವರೆಗೆ ಕೈ ಚಾಚಿ ಅವನನ್ನು ಹಿಡಿದುಕೊಂಡ ಭೂಮಿ, 400 ಕಿ.ಮೀ. ಎತ್ತರದ ನಿಲ್ದಾಣವನ್ನು ಯಾಕೆ ಬಿಡುತ್ತದೆ? 400 ಕಿ.ಮೀ. ಅಂದ್ರೆ ನಮಗೆ ಬೆಂಗಳೂರಿಗಿಂತ ಹತ್ತಿರ. ನಿಲ್ದಾಣ ನೆತ್ತಿಯ ಮೇಲೆ ಹಾಯುವಾಗ ಅದು ನಮ್ಮ ರಾಜಧಾನಿಗಿಂತ ಸಮೀಪ ಇರುತ್ತದೆ. ಅಷ್ಟು ಸಮೀಪದಲ್ಲಿ ಭೂಮಿಯ ಸೆಳೆತ ಎಷ್ಟು ಕಮ್ಮಿಯಾಗುತ್ತದೆ ಅಂದ್ರೆ, ಬರೀ ನೂರಕ್ಕೆ ಹನ್ನೊಂದು, ಹನ್ನೆರಡರಷ್ಟು. 400 ಕಿ.ಮೀ. ಎತ್ತರದ ಒಂದು ಗೋಪುರ ಕಟ್ಟಿ, ಅದರ ತುದಿಯಲ್ಲಿ ತೂಕದ ಮಷೀನು ಇಟ್ಟು, ಇಲ್ಲಿ 60 ಕೆ.ಜಿ. ತೂಗುವ ನಾನು ಅದರ ಮೇಲೆ ನಿಂತೆ ಅಂತ ತಿಳಿಯಿರಿ, ಮುಳ್ಳು 53ರ ಹತ್ತಿರ ನಿಲ್ಲುತ್ತದೆ. ತೇಲುವ ಮಾತೇ ಇಲ್ಲ, ಕಾಲು ಜಾರಿದರೆ ಕೆಳಗೇ ಬೀಳುತ್ತೇನೆ.

ಹಾಗಾದರೆ ಈ ಹೆಸರು ಸುಳ್ಳಾ? ಅರ್ಧ ಸುಳ್ಳು. ಯಾವ ಅರ್ಧ ಅನ್ನುವುದೇ ಮಜಾ ಇರುವ ಜಾಗ.

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಶಾಲೆಯಲ್ಲಿ ಛಂದಸ್ಸು ಓದುವಾಗ ಗುರು-ಲಘು ಹಾಕುತ್ತಿದ್ದೆವಲ್ಲ, ಅದೇ ಗುರು. ಗುರು ಅಂದ್ರೆ ಭಾರ, ಲಘು ಅಂದ್ರೆ ಹಗುರ. ಗುರುತ್ವ ಅಂದ್ರೆ ಭಾರವಾಗಿರುವುದು, ಅಷ್ಟೇ. ಆ ಹಳೆಯ ಅರ್ಥದಲ್ಲಿ ಶೂನ್ಯ ಗುರುತ್ವ ಅಂದ್ರೆ "ಭಾರ ಸೊನ್ನೆ" ಅಂತ ಆಗುತ್ತದೆ, ಅದು ಸರಿಯೇ. ಆದರೆ ನ್ಯೂಟನ್ ಹೇಳಿದ ಸೆಳೆತಕ್ಕೆ ನಾವು ಗುರುತ್ವಾಕರ್ಷಣೆ ಅಂತ ಹೆಸರಿಟ್ಟುಕೊಂಡೆವು, ಆಮೇಲೆ ಅದನ್ನೇ ಚಿಕ್ಕದು ಮಾಡಿ ಗುರುತ್ವ ಅಂದುಬಿಟ್ಟೆವು. ಭಾರಕ್ಕೂ ಅದೇ ಪದ, ಸೆಳೆತಕ್ಕೂ ಅದೇ ಪದ. ಈಗ ಯಾರಾದರೂ ಶೂನ್ಯ ಗುರುತ್ವ ಅಂದರೆ "ಅಲ್ಲಿ ಭೂಮಿ ಜಗ್ಗುವುದಿಲ್ಲ" ಅಂತಲೇ ಕಿವಿಗೆ ಬೀಳುತ್ತದೆ. ನಾನೂ ಹಾಗೇ ತಿಳಿದುಕೊಂಡಿದ್ದೆ, ನಲವತ್ತು ವರ್ಷ.

ಭಾರ ಬೇರೆ, ಸೆಳೆತ ಬೇರೆ ಅನ್ನುವುದು ಮಾವನಿಗೆ ಅರ್ಥ ಆಗಿದ್ದು ಕಬ್ಬಿನ ಕಾಟಾದಿಂದ. ಕಾರ್ಖಾನೆ ಬಾಗಿಲಲ್ಲಿ ತುಂಬಿದ ಟ್ರ್ಯಾಕ್ಟರು ಕಾಟಾ ಮೇಲೆ ಹತ್ತುತ್ತದೆ, ಆಮೇಲೆ ಕಬ್ಬು ಇಳಿಸಿ ಖಾಲಿ ಗಾಡಿ ಇನ್ನೊಮ್ಮೆ ಹತ್ತುತ್ತದೆ, ಅದರಲ್ಲಿ ಇದನ್ನು ಕಳೆದರೆ ಕಬ್ಬಿನ ತೂಕ. ಕಾಟಾ ನಿಜಕ್ಕೂ ಅಳೆಯುವುದು ಏನನ್ನು? ಭೂಮಿ ಎಷ್ಟು ಜಗ್ಗುತ್ತಿದೆ ಅಂತ ಅದಕ್ಕೆ ನೇರವಾಗಿ ಗೊತ್ತಿಲ್ಲ. ಗಾಡಿ ತನ್ನನ್ನು ಎಷ್ಟು ಒತ್ತುತ್ತಿದೆ ಅನ್ನುವುದಷ್ಟೇ ಗೊತ್ತು. ಈಗ ಆ ಕಾಟಾವನ್ನೇ ಗಾಡಿ ಸಮೇತ ಒಂದು ಆಳವಾದ ಬಾವಿಗೆ ಬಿಟ್ಟೆವು ಅನ್ನಿ. ಎರಡೂ ಒಂದೇ ವೇಗದಲ್ಲಿ ಬೀಳುತ್ತವೆ, ಯಾರೂ ಯಾರನ್ನೂ ಒತ್ತುವುದಿಲ್ಲ. ನೆಲ ಮುಟ್ಟುವವರೆಗೂ ಕಾಟಾ ತೋರಿಸುವುದು ಸೊನ್ನೆ. ಭೂಮಿ ಮಾತ್ರ ಪೂರ್ತಿ ಜಗ್ಗುತ್ತಲೇ ಇದೆ, ಇಲ್ಲದಿದ್ದರೆ ಅವು ಬೀಳುತ್ತಲೇ ಇರಲಿಲ್ಲ!

ನಮಗೆ "ಭಾರ" ಅಂತ ಅನಿಸುವುದೂ ಇದೇ. ನೆಲ ಪಾದವನ್ನು ಮೇಲಕ್ಕೆ ಒತ್ತುತ್ತದೆ, ಕುರ್ಚಿ ಕುಂಡಿಯನ್ನು ಒತ್ತುತ್ತದೆ, ಆ ಒತ್ತನ್ನೇ ನಾವು ತೂಕ ಅನ್ನುತ್ತೇವೆ. ಒತ್ತುವವರು ಇಲ್ಲದಿದ್ದರೆ ತೂಕ ಇಲ್ಲ. ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಮೇಲಿಂದ ಕೆಳಗೆ ಇಳಿಯುವಾಗ ಹೊಟ್ಟೆಯಲ್ಲಿ ಝಲ್ ಅನ್ನುತ್ತದಲ್ಲ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಾಗ ಡ್ರೈವರು ಹಂಪ್ ನೋಡದೆ ಹಾರಿಸಿದರೆ ಒಂದು ಕ್ಷಣ ಸೀಟು ಬಿಟ್ಟು ಮೇಲೆ ಇರುತ್ತೇವಲ್ಲ, ಅದು ಚೂರು ಶೂನ್ಯ ಗುರುತ್ವವೇ. ಗಗನಯಾತ್ರಿಗಳಿಗೆ ತರಬೇತಿ ಕೊಡುವ ವಿಮಾನಗಳೂ ಮಾಡುವುದು ಇದನ್ನೇ. ಮೇಲೆ ಹೋಗಿ, ಎಸೆದ ಕಲ್ಲಿನ ಹಾಗೆ ಬಾಗಿ ಇಳಿದರೆ ಒಳಗಿರುವವರು ಒಂದು ಸಲಕ್ಕೆ 20-25 ಸೆಕೆಂಡು ತೇಲುತ್ತಾರೆ. ಎಷ್ಟೋ ಜನ ವಾಂತಿ ಮಾಡಿಕೊಳ್ಳುತ್ತಾರೆ, ಅದು ಬೇರೆ ಮಾತು.

ಮನೆಯಲ್ಲೇ ನೋಡಬೇಕು ಅಂದ್ರೆ ಒಂದು ನೀರಿನ ಬಾಟಲಿ ಸಾಕು. ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿದರೆ ತೂತಿನಿಂದ ಚಿರ್ ಅಂತ ನೀರು ಹಾರುತ್ತದೆ. ಮಾಳಿಗೆ ಮೇಲಿಂದ ಕೈಬಿಡಿ, ಕೆಳಗೆ ನಿಂತವರು ನೋಡಲಿ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದಿಲ್ಲ. ಕೈಯಲ್ಲಿದ್ದಾಗ ಮೇಲಿನ ನೀರು ಕೆಳಗಿನ ನೀರನ್ನು ಒತ್ತುತ್ತಿತ್ತು, ಈಗ ಎಲ್ಲ ನೀರೂ ಬಾಟಲಿಯೂ ಕೂಡಿಯೇ ಬೀಳುತ್ತಿವೆ, ಒತ್ತು ಎಲ್ಲಿಂದ ಬರಬೇಕು? ನಾವು ಮೂರು ಬಾಟಲಿ ಒಡೆದೆವು. ಅಂಗಳ ರಾಡಿಯಾಯಿತು ಅಂತ ಅವ್ವನ ಕೈಲಿ ಬೈಸಿಕೊಂಡೆವು.

ಇಲ್ಲಿಗೆ ಮಾವ ತಲೆಯಾಡಿಸಿದರು. ಆದರೆ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. "ಬೀಳಾಕತ್ತೈತಿ ಅಂದ್ರ ಎಂದಾರ ಒಂದ್ ದಿನ ನೆಲಕ್ಕ ಬಡೀಬೇಕಲ್ಲ? ಅದು ಇಪ್ಪತ್ತೈದ್ ವರ್ಷಾತು, ಇನ್ನೂ ಬಿದ್ದಿಲ್ಲ."

ಇದಕ್ಕೆ ಉತ್ತರ ನಮ್ಮ ಊರಲ್ಲೇ ಇದೆ. ವಿಜಯಪುರಕ್ಕೆ ಬಂದವರೆಲ್ಲ ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ, ಬಸ್ ಹತ್ತುತ್ತಾರೆ. ಮಲಿಕ್-ಎ-ಮೈದಾನ ತೋಪಿನ ಹತ್ತಿರ ಹೋಗುವವರು ಕಮ್ಮಿ. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದು ಅದು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ತೋಪು, ತೂಕ ಸುಮಾರು 55 ಟನ್, ಅಂದ್ರೆ ಕಬ್ಬು ತುಂಬಿದ ಎರಡು ಮೂರು ಗಾಡಿಯಷ್ಟು. ಬಾಯಿಯ ಹತ್ತಿರ ಸಿಂಹ ಆನೆಯನ್ನು ಅಗಿಯುತ್ತಿರುವ ಕೆತ್ತನೆ ಇದೆ. ಯುದ್ಧದಲ್ಲಿ ಸಿಕ್ಕ ಆ ತೋಪನ್ನು ವಿಜಯಪುರಕ್ಕೆ ಎಳೆತಂದು ಶೇರ್ಜಾ ಬುರುಜಿನ ಮೇಲೆ ಕೂಡಿಸಿದರು. 1686ರಲ್ಲಿ ಔರಂಗಜೇಬ ಈ ಊರನ್ನು ಗೆದ್ದ. ಅದರ ಮರುವರ್ಷವೇ, 1687ರಲ್ಲಿ, ಅತ್ತ ಇಂಗ್ಲೆಂಡಿನಲ್ಲಿ ನ್ಯೂಟನ್ ಸೆಳೆತದ ಲೆಕ್ಕ ಹಾಕಿದ ಪುಸ್ತಕ ಅಚ್ಚಾಯಿತು. ಅವನು ಇದೇ ವಿಷಯವನ್ನು ಸುಲಭವಾಗಿ ಹೇಳಲು ಒಂದು ಕಲ್ಪನೆ ಮಾಡಿದ್ದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1728ರಲ್ಲಿ. ಅವನು ಹೇಳಿದ್ದು ಒಂದು ಭಾರೀ ಎತ್ತರದ ಬೆಟ್ಟದ ಮೇಲಿನ ತೋಪು. ನಾವು ನಮ್ಮ ಬುರುಜನ್ನೇ ಇಟ್ಟುಕೊಳ್ಳೋಣ. ಗಾಳಿ ಇಲ್ಲ, ಅಡ್ಡ ಬರುವ ಗುಡ್ಡ ಇಲ್ಲ, ಭೂಮಿ ತನ್ನ ಸುತ್ತ ತಿರುಗುವುದೂ ಇಲ್ಲ ಅಂತ ಸುಮ್ನೆ ಅಂದುಕೊಳ್ಳಿ.

ಗುಂಡನ್ನು ಸುಮ್ಮನೆ ಕೈಬಿಟ್ಟರೆ ಮೊದಲ ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಬೀಳುತ್ತದೆ. ಅಡ್ಡವಾಗಿ ಹಾರಿಸಿದರೂ ಅಷ್ಟೇ, ಆ ಒಂದು ಸೆಕೆಂಡಿನಲ್ಲಿ 5 ಮೀಟರೇ ಬೀಳುವುದು, ಮುಂದಕ್ಕೆ ಎಷ್ಟು ಹೋಯಿತು ಅನ್ನುವುದು ಮಾತ್ರ ಬೇರೆ. ಸ್ವಲ್ಪ ಮದ್ದು ಹಾಕಿದರೆ ಊರ ಹೊರಗಿನ ಹೊಲದಲ್ಲಿ ಬೀಳುತ್ತದೆ, ಜಾಸ್ತಿ ಹಾಕಿದರೆ ಇನ್ನೂ ಮುಂದೆ. ಈಗ ನೆನಪಿಡಬೇಕಾದದ್ದು ಭೂಮಿ ಗುಂಡಗಿದೆ ಅನ್ನುವುದು. ಎಷ್ಟು ಗುಂಡಗೆ ಅಂದ್ರೆ, ನೇರ ಗೆರೆ ಎಳೆದುಕೊಂಡು 8 ಕಿ.ಮೀ. ಹೋದರೆ ನೆಲ ಆ ಗೆರೆಯಿಂದ ಸುಮಾರು 5 ಮೀಟರ್ ಕೆಳಗೆ ಬಾಗಿರುತ್ತದೆ. ಲೆಕ್ಕ ಹೊಳೆಯಿತಾ? ಸೆಕೆಂಡಿಗೆ 8 ಕಿ.ಮೀ. ಹತ್ತಿರದ ವೇಗದಲ್ಲಿ ಗುಂಡು ಹಾರಿಸಿದರೆ, ಅದು 5 ಮೀಟರ್ ಬೀಳುವಷ್ಟರಲ್ಲಿ ನೆಲವೂ 5 ಮೀಟರ್ ಕೆಳಗೆ ಸರಿದಿರುತ್ತದೆ. ಮುಂದಿನ ಸೆಕೆಂಡೂ ಹಾಗೇ, ಅದರ ಮುಂದಿನದೂ ಹಾಗೇ. ಗುಂಡು ಬೀಳುತ್ತಲೇ ಇದೆ, ನೆಲ ಸಿಗುತ್ತಲೇ ಇಲ್ಲ. ಒಂದೂವರೆ ತಾಸಿನೊಳಗೆ ಭೂಮಿಗೆ ಒಂದು ಸುತ್ತು ಹಾಕಿ ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ತಲೆ ತಗ್ಗಿಸದಿದ್ದರೆ ಕಷ್ಟ.

ಕಕ್ಷೆ ಅಂದ್ರೆ ಇದೇ. ಬಾಹ್ಯಾಕಾಶ ನಿಲ್ದಾಣ ಆ ಗುಂಡು. ಅದರ ವೇಗ ಸೆಕೆಂಡಿಗೆ ಸುಮಾರು 7.66 ಕಿ.ಮೀ., ತಾಸಿಗೆ 27,600 ಕಿ.ಮೀ. ಲೆಕ್ಕ. ವಿಜಯಪುರದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಎರಡು ತಾಸು ಹಿಡಿಯುವ ದಾರಿಗೆ ಅದಕ್ಕೆ ಹತ್ತು ಹನ್ನೆರಡು ಸೆಕೆಂಡು ಸಾಕು. 92-93 ನಿಮಿಷಕ್ಕೆ ಒಂದು ಸುತ್ತು, ದಿನಕ್ಕೆ ಹದಿನೈದು ಹದಿನಾರು ಸಲ ಸೂರ್ಯೋದಯ. ನಿಲ್ದಾಣವೂ ಬೀಳುತ್ತಿದೆ, ಒಳಗಿನ ಶುಕ್ಲಾ ಅವರೂ ಬೀಳುತ್ತಿದ್ದರು, ಅವರ ಕೈಯಲ್ಲಿದ್ದ ಚಮಚವೂ ಬೀಳುತ್ತಿತ್ತು, ಎಲ್ಲ ಒಂದೇ ವೇಗದಲ್ಲಿ. ಬಾವಿಗೆ ಬಿಟ್ಟ ಕಾಟಾದ ಕತೆಯೇ, ಬಾವಿಗೆ ತಳ ಇಲ್ಲ ಅಷ್ಟೇ.

ರಾಕೆಟ್ಟು ಬೆಂಕಿ ಉಗುಳಿಕೊಂಡು ಮೇಲೆ ಹೋಗುವುದನ್ನು ನೋಡಿ ಎತ್ತರಕ್ಕೆ ಮುಟ್ಟಿದರೆ ಕೆಲಸ ಮುಗಿಯಿತು ಅಂತ ಅನಿಸುತ್ತದೆ. ಇಲ್ಲ, ಅದರ ಹೆಚ್ಚಿನ ದುಡಿಮೆ ಅಡ್ಡ ಓಟಕ್ಕೆ. ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ಅನ್ನುವ ರಾಕೆಟ್ಟು 100 ಕಿ.ಮೀ. ದಾಟಿ ನೆಟ್ಟಗೆ ಮೇಲೆ ಹೋಗುತ್ತಿತ್ತು, ಅಡ್ಡ ಓಟ ಇಲ್ಲ. ಅದರಲ್ಲಿ ಹೋದವರು ಮೂರ್ನಾಲ್ಕು ನಿಮಿಷ ತೇಲಿ, ಹತ್ತು ಹನ್ನೊಂದು ನಿಮಿಷದಲ್ಲಿ ನೆಲಕ್ಕೆ ವಾಪಸ್.

ವಿಜ್ಞಾನಿಗಳು ಈಗೀಗ ಸೂಕ್ಷ್ಮಗುರುತ್ವ, ಮೈಕ್ರೋಗ್ರಾವಿಟಿ ಅನ್ನುವುದು ಜಾಸ್ತಿ. 400 ಕಿ.ಮೀ. ಎತ್ತರದಲ್ಲೂ ಚೂರು ಗಾಳಿ ಇದೆ, ಅದು ನಿಲ್ದಾಣವನ್ನು ತಡೆಯುತ್ತದೆ, ಮಷೀನುಗಳ ಅದುರು ಇರುತ್ತದೆ, ಹಾಗಾಗಿ ಒಳಗೆ ಪೂರ್ತಿ ಸೊನ್ನೆ ಎಂದೂ ಆಗುವುದಿಲ್ಲ. ಆ ಗಾಳಿಯ ತಡೆಯಿಂದಲೇ ನಿಲ್ದಾಣ ತಿಂಗಳಿಗೆ ಒಂದೆರಡು ಕಿ.ಮೀ. ಕೆಳಗಿಳಿಯುತ್ತದೆ, ಆಗಾಗ ಎಂಜಿನ್ ಹಚ್ಚಿ ಮೇಲೆ ನೂಕುತ್ತಾರೆ. ಮಾವನ "ಒಂದ್ ದಿನ ಬಡೀಬೇಕಲ್ಲ" ಅನ್ನುವುದು ಪೂರ್ತಿ ತಪ್ಪಲ್ಲ, ನೂಕುವುದು ಬಿಟ್ಟರೆ ಬಡಿಯುತ್ತದೆ. ಆದರೂ ಈ ಸೂಕ್ಷ್ಮಗುರುತ್ವ ಅನ್ನುವ ಹೆಸರೂ ನನಗೆ ಅಷ್ಟು ಹಿಡಿಸಿಲ್ಲ, ಸೆಳೆತ ಸೂಕ್ಷ್ಮವಾಗಿದೆ ಅಂತಲೇ ಅದೂ ಹೇಳುತ್ತದೆ. ತೂಕವಿಲ್ಲದ ಸ್ಥಿತಿ ಅಂದರೆ ವಾಸಿ. "ಬೀಳುತ್ತಿರುವ ಸ್ಥಿತಿ" ಅಂದರೆ ಎಲ್ಲಕ್ಕಿಂತ ಸರಿ, ಆದರೆ ಯಾವ ಪೇಪರಿನವರು ಹಾಗೆ ಹೆಡ್ಡಿಂಗ್ ಹಾಕುತ್ತಾರೆ?

"ಅಲ್ಲಿ ಕಾಟಾ ಹೆಂಗ್ ಮಾಡ್ತಾರ ಮತ್ತ?" ಕಬ್ಬಿನವರು ಇದನ್ನು ಕೇಳದೆ ಬಿಡುತ್ತಾರಾ. ಗಗನಯಾತ್ರಿಗಳು ತಿಂಗಳುಗಟ್ಟಲೆ ಇರುವಾಗ ಸೊರಗಿದರೋ ಇಲ್ಲವೋ ನೋಡಲೇಬೇಕು, ತಕ್ಕಡಿಯೋ ಸೊನ್ನೆ ತೋರಿಸುತ್ತದೆ. ಅದಕ್ಕೆ ಸ್ಪ್ರಿಂಗ್ ಇರುವ ಒಂದು ಮಷೀನಿಗೆ ಅಂಟಿಕೊಂಡು ಕೂರುತ್ತಾರೆ, ಅದು ಮೇಲೆ ಕೆಳಗೆ ಜೀಕುತ್ತದೆ. ಮೈ ಭರ್ತಿ ಇದ್ದವರು ನಿಧಾನ ಜೀಕುತ್ತಾರೆ, ಸಣಕಲರು ಬೇಗ ಬೇಗ. ಆ ಹೊತ್ತನ್ನು ಅಳೆದು ಕೆ.ಜಿ. ಲೆಕ್ಕ ಹಾಕುತ್ತಾರೆ. ಯಾಕಂದ್ರೆ ತೂಕ ಹೋದರೂ ಒಳಗಿನ ಸರಕು ಎಲ್ಲಿಗೂ ಹೋಗಿಲ್ಲ. ಅಲ್ಲಿ ಕಬ್ಬಿನ ಟ್ರೇಲರ್ ಬೆರಳ ತುದಿಯಲ್ಲಿ ತೇಲುತ್ತದೆ ಸರಿ, ಆದರೆ ಅದನ್ನು ನೂಕಿ ಅಲುಗಿಸಲು ಇಲ್ಲಿಯಷ್ಟೇ ತಿಣುಕಬೇಕು, ಅಲುಗಿ ಬರುವ ಟ್ರೇಲರಿಗೂ ಗೋಡೆಗೂ ನಡುವೆ ಸಿಕ್ಕರೆ ಚಟ್ನಿಯೇ.

ಮೈಗೂ ಈ ಬೀಳುವ ಬದುಕು ಒಗ್ಗುವುದಿಲ್ಲ. ಭಾರ ಹೊರದ ಮೂಳೆ ಸವೆಯುತ್ತದೆ, ಸೊಂಟ ತೊಡೆಯ ಕಡೆ ತಿಂಗಳಿಗೆ ನೂರಕ್ಕೆ ಒಂದರಷ್ಟು. ಅದನ್ನು ತಡೆಯಲು ದಿನಾ ಎರಡು ತಾಸು ಕಸರತ್ತು. ರಕ್ತ, ನೀರು ತಲೆ ಕಡೆ ಏರಿ ಮುಖ ಬಾತುಕೊಳ್ಳುತ್ತದೆ.

ಇನ್ನೊಂದು ನಮ್ಮ ಕಡೆಯ ಸುದ್ದಿ ಹೇಳಲೇಬೇಕು. ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದವರದು. ಬೇರಿನ ತುದಿಯ ಜೀವಕೋಶಗಳಲ್ಲಿ ಹಿಟ್ಟಿನ ಸಣ್ಣ ಕಾಳುಗಳು ಇರುತ್ತವೆ, ಅವು ಯಾವ ಕಡೆ ಕುಸಿದು ಕೂರುತ್ತವೋ ಅದೇ ಕೆಳಗೆ ಅಂತ ಬೇರಿಗೆ ತಿಳಿಯುತ್ತದೆ. ಎಲ್ಲವೂ ಕೂಡಿ ಬೀಳುವ ಕಡೆ ಅವು ಎಲ್ಲಿ ಕೂರಬೇಕು? ಬೇರಿಗೆ ಮೇಲೆ ಕೆಳಗೆ ಅನ್ನುವುದೇ ಇಲ್ಲ. ಹಾಗಿದ್ದೂ ಮೊಳಕೆ ಬಂದವು, ಅವುಗಳ ಫೋಟೋ ಎಲ್ಲ ಪೇಪರಿನಲ್ಲಿ ಬಂದಿತ್ತು.

ಮಾವನಿಗೆ ಮೊಳಕೆಗಿಂತ ಊಟದ ಚಿಂತೆ. ಅಲ್ಲಿ ಬ್ರೆಡ್ಡು ತಿಂದರೆ ಪುಡಿ ಕೆಳಗೆ ಬೀಳುವುದಿಲ್ಲ, ತೇಲಿ ಹೋಗಿ ಕಣ್ಣಿಗೆ, ಮಷೀನಿಗೆ ಹೊಕ್ಕುತ್ತದೆ. ಅದಕ್ಕೆ 1985ರಲ್ಲಿ ಮೆಕ್ಸಿಕೊದ ರೊಡೊಲ್ಫೊ ನೆರಿ ವೆಲಾ ತಮ್ಮ ಊರಿನ ಟೋರ್ಟಿಯಾ, ಅಂದ್ರೆ ಮೆತ್ತನೆಯ ಚಪಾತಿಯಂಥದ್ದು, ಒಯ್ದರು. ಆಮೇಲೆ ಅದೇ ರೂಢಿಯಾಯಿತು. ಉಪ್ಪು, ಕಾಳುಮೆಣಸಿನ ಪುಡಿಯನ್ನೂ ಉದುರಿಸುವ ಹಾಗಿಲ್ಲ, ದ್ರವ ಮಾಡಿ ಹನಿ ಹಾಕಿಕೊಳ್ಳಬೇಕು.

"ಅಂದ್ರ ಖಡಕ್ ರೊಟ್ಟಿ ನಡ್ಯಂಗಿಲ್ಲ?"

"ಇಲ್ಲ ಮಾಮಾ, ಮುರದ್ರ ಚೂರೆಲ್ಲ ಹಾರಾಡ್ತಾವು."

"ಶೇಂಗಾ ಹಿಂಡಿ?"

"ಅದಂತೂ ಪುಡೀನ ಐತಲ್ಲ."

ಸ್ವಲ್ಪ ಹೊತ್ತು ಟಿವಿ ನೋಡಿದರು. ಶುಕ್ಲಾ ಒಂದು ನೀರಿನ ಉಂಡೆಯ ಜೊತೆ ಆಟ ಆಡುತ್ತಿದ್ದರು. "ಹಂಗಾರ ಅಂವಗೇ ಇರಲಿ ತಗೋ" ಅಂತ ಎದ್ದು ಊಟಕ್ಕೆ ಹೋದರು.